ಮಾಲೆ ಕಳಚಿದ ಮರುದಿನ

ನವೆಂಬರ್ ನಡುವಿನ ಹೊತ್ತಿಗೆ ಬೆಂಗಳೂರಿನ ವಸಂತಪುರದಂಥ ಬಡಾವಣೆಗಳಲ್ಲಿ ಕಪ್ಪು ಪಂಚೆಯ ಅಯ್ಯಪ್ಪ ಮಾಲಾಧಾರಿಗಳು ಕಾಣತೊಡಗುತ್ತಾರೆ. ದಿನಕ್ಕೊಂದು ಪ್ಯಾಕು ಸಿಗರೇಟು ಸೇದುತ್ತಿದ್ದವನು, ಸಂಜೆಯಾದರೆ ಬಾರಿನ ಕಡೆ ತಿರುಗುತ್ತಿದ್ದವನು 41 ದಿನದ ಮಂಡಲ ವ್ರತದಲ್ಲಿ ಎರಡನ್ನೂ ಮುಟ್ಟುವುದಿಲ್ಲ. ಶಬರಿಮಲೆಗೆ ಹೋಗಿಬಂದು ಮಾಲೆ ತೆಗೆದ ಮೇಲೆ ಹಲವರು ಹಳೆಯ ಜಾಗಕ್ಕೇ ಮರಳುತ್ತಾರೆ. ನಗುವುದು ಸುಲಭ. ಆದರೆ ಚಟಗಾರನಿಗೆ ಮನೋಬಲವಿಲ್ಲ ಎಂಬ ನಮ್ಮ ನಂಬಿಕೆಯನ್ನು ಈ ವ್ರತವೇ ಸುಳ್ಳು ಮಾಡುತ್ತದೆ. ಅಷ್ಟು ದಿನ ಬಿಟ್ಟಿದ್ದವನಿಗೆ ಬಲವಿತ್ತು. ಹಾಗಾದರೆ 42ನೆಯ ದಿನ ಕೈಕೊಟ್ಟದ್ದೇನು?

ವ್ರತ ಬಯಕೆಯ ಸುತ್ತ ಬೇಲಿ ಹಾಕುತ್ತದೆ: ಮುಂಜಾನೆಯ ತಣ್ಣೀರು ಸ್ನಾನ, ಸಂಜೆಯ ಭಜನೆ, ಜತೆಗಾರರು, ಮನೆಮಂದಿಯೂ ‘ಸ್ವಾಮಿ’ ಎಂದು ಕರೆಯುವ ಮರ್ಯಾದೆ. ಅಲ್ಲಿ ಬಯಕೆ ತಲೆಯೆತ್ತುವ ಸಂದರ್ಭವೇ ಕಡಿಮೆ. ಎತ್ತಿದರೂ ಪಾಪವೆಂದು ಅದುಮುವುದೇ ರೂಢಿ. ಅದು ಹೇಗೆ ಹುಟ್ಟುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಅಡಗುತ್ತದೆ ಎಂದು ನೋಡಿದವರಿಲ್ಲ. ಬೇಲಿ ತೆಗೆದ ದಿನ ಮನುಷ್ಯ ತನ್ನ ಬಯಕೆಯೆದುರು ಮೊದಲಿನಷ್ಟೇ ಅನನುಭವಿ.

ಮೈಂಡ್‌ಫುಲ್‌ನೆಸ್ ಎಂದು ಈಗ ಹೆಸರಾಗಿರುವ ಎಚ್ಚರ ಕಲಿಸುವುದು ಆ ನೋಟವನ್ನೇ. ಅದರ ಬೇರು ಬೌದ್ಧರ ಸತಿಪಟ್ಠಾನ ಸುತ್ತದಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅದನ್ನು ಚಟದ ಚಿಕಿತ್ಸೆಗೆ ತಂದರು. ಬಯಕೆಯನ್ನು ತಡೆಯಲೂ ಬೇಡಿ, ಅದಕ್ಕೆ ಸೋಲಲೂ ಬೇಡಿ. ಏರಿದ್ದು ಇಳಿಯುವವರೆಗೆ ಮೈಯಲ್ಲಿ ಏನೇನಾಗುತ್ತದೆಂದು ಗಮನಿಸಿ ಎಂಬುದು ಅವರ ಪಾಠ. ಬಿಟ್ಟವನು ಒಮ್ಮೆ ಎಡವಿದರೆ ಅವನನ್ನು ಪೂರ್ತಿ ಕೆಡವುವುದು ಆ ಒಂದು ಗುಟುಕಿಗಿಂತ ‘ಎಲ್ಲ ಹೋಯಿತು, ಇನ್ನೇನು’ ಎಂಬ ಹತಾಶೆ ಎಂಬುದನ್ನೂ ಅವರು ಗುರುತಿಸಿದ್ದರು. ವ್ರತದ ಲೆಕ್ಕದಲ್ಲಿ ಒಂದು ಗುಟುಕು ಎಂದರೆ ವ್ರತಭಂಗ. ಎಚ್ಚರದ ಲೆಕ್ಕದಲ್ಲಿ ಅದೂ ಒಂದು ಮಾಹಿತಿ.

ಪೂರ್ತಿ ಬಿಡಲಾಗದ ಚಟಗಳಲ್ಲಂತೂ ವ್ರತಕ್ಕೆ ದಾರಿಯೇ ಇಲ್ಲ. ನಿಮ್ಹಾನ್ಸ್ 2014ರಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ತೆರೆಯಿತು. ಬ್ಯಾಂಕು, ಬಸ್ಸು, ಮಕ್ಕಳ ಶಾಲೆ ಎಲ್ಲವೂ ಮೊಬೈಲಿಗೆ ಬಂದಿರುವಾಗ ಅದನ್ನು ಮುಟ್ಟೆನೆಂದು ಆಣೆ ಹಾಕುವಂತಿಲ್ಲ. ಕೈ ಯಾಕೆ ಅತ್ತ ಹೋಯಿತು ಎಂದು ಗಮನಿಸುವುದೇ ಅಲ್ಲಿ ಉಳಿದ ಉಪಾಯ.

ಹಾಗೆಂದು ಕಣ್ಣುಮುಚ್ಚಿ ಕೂತರೆ ಸಾಕೆನ್ನುವುದೂ ತಪ್ಪು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಅವನಿಗೆ ಮೊದಲು ಬೇಕಾದವರು ವೈದ್ಯರು. ಎಚ್ಚರವನ್ನು ಒಬ್ಬಂಟಿಯ ಸಾಧನೆ ಮಾಡಿದರೆ ಸೋಲಿನ ಹೊಣೆಯೂ ಅವನೊಬ್ಬನ ತಲೆಗೇ ಬರುತ್ತದೆ. ಹೆಜ್ಜೆಹೆಜ್ಜೆಗೂ ಮದ್ಯ ಮಾರುವ ಊರು ಕೈತೊಳೆದುಕೊಳ್ಳುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರುತ್ತಿರುವುದು ಇದಕ್ಕೇ ಮುಖ್ಯ. ಜತೆಗಾರರ ಬಲ ವ್ರತಕ್ಕೆ ಗೊತ್ತಿತ್ತು. ಎಚ್ಚರ ಅದನ್ನು ವ್ರತದಿಂದ ಕಲಿಯಬೇಕು.

ಎರಡೂ ಕೂಡುವುದು ಮನೆಯವರು ಕೇಳುವ ಪ್ರಶ್ನೆಯಲ್ಲಿ. ಎಡವಿ ಬಂದವನನ್ನು ‘ಯಾಕೆ ಕುಡಿದೆ?’ ಎಂದು ಕೇಳಿದರೆ ಸಿಗುವುದು ಸುಳ್ಳು ಅಥವಾ ಜಗಳ. ‘ಕುಡಿಯುವ ಮೊದಲು ಏನಾಗಿತ್ತು?’ ಎಂದು ಕೇಳಿದರೆ ಅವನು ನೆನಪು ಮಾಡಿಕೊಳ್ಳಬೇಕಾಗುತ್ತದೆ. ನೆನಪು ಮಾಡಿಕೊಂಡವನು ಮುಂದಿನ ಸಲ ಅದೇ ಗಳಿಗೆಯನ್ನು ಬರುವಾಗಲೇ ಗುರುತಿಸಬಲ್ಲ.