ಬಾಣಂತಿಗೆ ಹೇಳುವ ಬುದ್ಧಿಮಾತು

ಲೋಕದಲ್ಲಿ ಕೊಡುವುದಕ್ಕೆ ಅತ್ಯಂತ ಸುಲಭವಾದ ವಸ್ತುವೆಂದರೆ ಬುದ್ಧಿಮಾತು. ಎಷ್ಟು ಕೊಟ್ಟರೂ ಕೊಟ್ಟವನ ಭಂಡಾರವು ಬರಿದಾಗುವುದಿಲ್ಲ. ಅದನ್ನು ನಂಬಿ ನಡೆದವನು ಕೆಟ್ಟರೆ ಹೇಳಿದವನನ್ನು ಹಿಡಿದು ಕೇಳುವವರೂ ಇಲ್ಲ. ಈ ಬುದ್ಧಿಮಾತಿನ ಮಳೆಯು ಎಲ್ಲಕ್ಕಿಂತ ಹೆಚ್ಚಾಗಿ ಸುರಿಯುವುದು ಚೊಚ್ಚಲು ಬಾಣಂತಿಯ ಹೊರಸಿನ ಸುತ್ತಲೂ ಎಂದರೆ ಅತಿಶಯೋಕ್ತಿಯಾಗಲಾರದು. ಆಕೆಯ ಮೈ ದಣಿದಿರುತ್ತದೆ, ನಿದ್ದೆ ಮುರಿದಿರುತ್ತದೆ, ಎದುರು ಮಾತನಾಡುವ ತ್ರಾಣವಿರುವುದಿಲ್ಲ. ಆದುದರಿಂದಲೇ ಎಲ್ಲರೂ ಮಾತನಾಡುತ್ತಾರೆ. ಮಗುವಿಗೆ ಮೊಲೆಯೂಡಿಸುವ ವಿಷಯದಲ್ಲಂತೂ ಅತ್ತೆಯದೊಂದು ಮತ, ತಾಯಿಯದೊಂದು ಮತ, ನೆರೆಮನೆಯವಳದೊಂದು ಮತ, ಆಸ್ಪತ್ರೆಯ ಗೋಡೆಯ ಮೇಲಣ ಚಿತ್ರಪಟದ್ದು ಮತ್ತೊಂದು ಮತ. ಇವುಗಳಲ್ಲಿ ಯಾವುದು ಸರಿಯೆಂಬುದನ್ನು ವೈದ್ಯಶಾಸ್ತ್ರವು ಇಂದು ಬಹುಮಟ್ಟಿಗೆ ನಿರ್ಣಯಿಸಿದೆ. ಆದರೆ ಆ ನಿರ್ಣಯದಿಂದ ಮುಗಿಯದ ಪ್ರಶ್ನೆಯೊಂದು ಉಳಿಯುತ್ತದೆ. ಅದು ನೀತಿಶಾಸ್ತ್ರಕ್ಕೆ ಸೇರಿದ್ದು. ‘ಇದು ನಿನ್ನ ಕರ್ತವ್ಯ’ ಎಂದು ಒಬ್ಬಳಿಗೆ ಹೇಳಿದವರು, ಆ ಕರ್ತವ್ಯವನ್ನು ನೆರವೇರಿಸಲು ಬೇಕಾದ ಬಲವನ್ನೂ ಒದಗಿಸುವುದಕ್ಕೆ ಬದ್ಧರೋ, ಅಲ್ಲವೋ?

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಈ ಪ್ರಶ್ನೆಯು ಕೇವಲ ವಿದ್ವಜ್ಜನರ ವಿನೋದವಲ್ಲ. 2009ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ನಾಡಿನಲ್ಲಿ ಕೃಷ್ಣೆಯೂ ಭೀಮೆಯೂ ಹರಿಯುತ್ತವೆ. ಜೋಳ, ತೊಗರಿ, ಹತ್ತಿಗಳು ಬೆಳೆಯುತ್ತವೆ. ನಾರಾಯಣಪುರದ ಕಾಲುವೆಯು ತಲುಪಿದಲ್ಲಿ ಭತ್ತವೂ ತೂಗುತ್ತದೆ. ಹೀಗಿದ್ದರೂ 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲವೆಂದು ಕಂಡುಬಂದಿತು. ಇದಕ್ಕೆ ಕಾರಣಗಳು ಅನೇಕ: ಎಳೆಯ ವಯಸ್ಸಿನ ಮದುವೆ, ತಾಯಂದಿರ ರಕ್ತಹೀನತೆ, ಬಡತನ, ಅಶುದ್ಧವಾದ ನೀರು. ಮೊಲೆಹಾಲೊಂದರಿಂದಲೇ ಇವೆಲ್ಲ ನೀಗುವುವೆಂದು ಹೇಳುವುದು ಅವಿವೇಕ. ಆದರೂ ಮೊದಲ ಆಹಾರದಲ್ಲಿಯೇ ಎಡವಿದ ಮಗುವಿಗೆ ಮುಂದಿನ ದಾರಿಯು ಇನ್ನಷ್ಟು ಕಡಿದಾಗುತ್ತದೆಂಬುದು ನಿರ್ವಿವಾದ.

ಇಲ್ಲಿಯ ಬಾಣಂತನವನ್ನು ಬಲ್ಲವರಿಗೆ ಅದರ ಗುಣವೂ ತಿಳಿದಿದೆ, ದೋಷವೂ ತಿಳಿದಿದೆ. ಚೊಚ್ಚಲು ಬಸುರಿಯು ತವರಿಗೆ ಬರುತ್ತಾಳೆ. ಹೆತ್ತ ಮೇಲೆ ಆಕೆಗೆ ಎಣ್ಣೆಯೊತ್ತಿ ಎರೆಯುತ್ತಾರೆ, ಕೆಂಡದ ಕಾವು ಕೊಡುತ್ತಾರೆ. ಅನುಕೂಲವುಳ್ಳ ಮನೆಗಳಲ್ಲಿ ಅಳವಿಯ ಪಾಯಸ, ಅಂಟಿನ ಉಂಡೆ, ಸಬ್ಬಸಿಗೆಯ ಪಲ್ಯ, ಬೆಳ್ಳುಳ್ಳಿಯ ಸಾರು ಆಕೆಯ ತಾಟಿಗೆ ಬರುತ್ತವೆ. ಅಷ್ಟು ದಿನ ಆಕೆ ಕೊಡ ಹೊರುವಂತಿಲ್ಲ, ಒಲೆಯ ಮುಂದೆ ಕೂಡುವಂತಿಲ್ಲ. ಆದರೆ ಇದೇ ಮನೆಗಳಲ್ಲಿ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿಯೂ, ಕೂಸಿನ ನಾಲಿಗೆಗೆ ಜೇನನ್ನೋ ಬೆಲ್ಲದ ನೀರನ್ನೋ ಹಚ್ಚುವ ರೂಢಿಯೂ ಬಹುಕಾಲದಿಂದ ನಡೆದುಬಂದಿವೆ. ಎಮ್ಮೆಯೊಂದು ಕರು ಹಾಕಿದರೆ ಅದರ ಗಿಣ್ಣದ ಹಾಲನ್ನು ಬೆಲ್ಲ ಏಲಕ್ಕಿಗಳೊಡನೆ ಕಾಸಿ, ಓಣಿಯ ನಾಲ್ಕು ಮನೆಗಳಿಗೆ ಹಂಚಿ, ಉಂಡು ಸಂತೋಷಪಡುವವರು ನಮ್ಮ ಜನ. ಎಮ್ಮೆಯ ಗಿಣ್ಣವು ಹಬ್ಬದ ತಿನಿಸಾಗಿ, ಹೆತ್ತವ್ವನ ಗಿಣ್ಣವು ಬಚ್ಚಲಿನ ಪಾಲಾದುದು ವಿಚಿತ್ರವಲ್ಲವೆ?

ಇದಕ್ಕಾಗಿ ಅಜ್ಜಿಯರನ್ನಷ್ಟೇ ದೂರುವುದು ನ್ಯಾಯವಲ್ಲ. ಸುಶ್ರುತ ಸಂಹಿತೆಯಂತಹ ಮಹಾಗ್ರಂಥವೂ ಹೆರಿಗೆಯಾದ ಮೂರು ನಾಲ್ಕು ದಿನಗಳ ತರುವಾಯವೇ ಹಾಲಿನ ನಾಳಗಳು ತೆರೆಯುವುವೆಂದು ತಿಳಿದು, ಅದುವರೆಗೆ ಕೂಸಿಗೆ ಜೇನನ್ನೂ ತುಪ್ಪವನ್ನೂ ವಿಧಿಸಿತು. ಆದರೆ ಅದೇ ಗ್ರಂಥವು ಇನ್ನೊಂದು ಮಾತನ್ನೂ ಕಂಡುಕೊಂಡಿತ್ತು. ಮಗುವನ್ನು ಮುಟ್ಟಿದರೆ, ನೋಡಿದರೆ, ನೆನೆದರೆ ಸಾಕು, ಹಾಲು ಸುರಿಯುತ್ತದೆ. ಎಡೆಬಿಡದ ವಾತ್ಸಲ್ಯವೇ ಅದಕ್ಕೆ ಹೇತು. ಕ್ರೋಧಶೋಕಗಳಿಂದ ಅದು ಕುಂದುತ್ತದೆ ಎಂಬುದು ಅದರ ಅಭಿಪ್ರಾಯ. ಇಂದಿನ ಶರೀರಶಾಸ್ತ್ರವು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಹಾಲನ್ನು ಹೊರಕ್ಕೆ ಹರಿಸುವ ಆಕ್ಸಿಟೋಸಿನ್ ಎಂಬ ರಸವು ಮಗುವಿನ ಸ್ಪರ್ಶದಿಂದಲೂ ಧ್ವನಿಯಿಂದಲೂ ತಾಯಿಯ ದೇಹದಲ್ಲಿ ಸ್ರವಿಸುತ್ತದೆ. ನೋವು, ಭಯ, ಆತಂಕಗಳು ಅದನ್ನು ತಡೆಯುತ್ತವೆ. ಇದರಿಂದ ನೀತಿಗೆ ಸಂಬಂಧಿಸಿದ ತತ್ತ್ವವೊಂದು ಹೊರಡುತ್ತದೆ: ಬಾಣಂತಿಯನ್ನು ಹೆದರಿಸಿ, ಹಳಿದು ಹೇಳಿದ ಬುದ್ಧಿಮಾತು ಸತ್ಯವೇ ಆಗಿದ್ದರೂ, ತಾನು ಯಾವ ಹಾಲನ್ನು ಬಯಸುತ್ತದೆಯೋ ಅದೇ ಹಾಲಿಗೆ ಅಡ್ಡಿಯಾಗಬಲ್ಲದು.

ಇನ್ನು ಇಂದಿನ ಜ್ಞಾನವು ಹೇಳುವುದೇನು? ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚತಕ್ಕದ್ದು. ಮೊದಲ ದಿನಗಳ ಮಂದವಾದ ಹಳದಿ ಹಾಲು ಪ್ರಮಾಣದಲ್ಲಿ ಕೆಲವೇ ಚಮಚಗಳಷ್ಟಿದ್ದರೂ ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ರೋಗಗಳನ್ನು ತಡೆಯುವ ಶಕ್ತಿ ಅದರಲ್ಲಿ ತುಂಬಿರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕರ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಕಾಯುವ ಈ ಸೀಮೆಯಲ್ಲಿ ಕೂಸಿಗೆ ನೀರು ಬೇಡವೆಂದರೆ ಯಾವ ಅಜ್ಜಿ ನಂಬಿಯಾಳು? ಆದರೆ ಮೊಲೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇರುತ್ತದೆ. ಬಿಸಿಲು ಹೆಚ್ಚಿದಾಗ ಹೆಚ್ಚು ಸಲ ಹಾಲೂಡಿಸಿ, ನೀರಿನ ತಂಬಿಗೆಯನ್ನು ತಾಯಿಯ ಕೈಗೆ ಕೊಟ್ಟರೆ ಸಾಕು. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡಳೆಂಬ ಗಾದೆಯನ್ನೂ ಇಲ್ಲಿ ತಿದ್ದಿಕೊಳ್ಳಬೇಕು. ಅಳುವು ಹಸಿವಿನ ಮೊದಲ ಕುರುಹಲ್ಲ, ಕಡೆಯದು. ಅದಕ್ಕೆ ಮೊದಲೇ ಕೂಸು ಬಾಯಿ ತೆರೆದು ಅತ್ತಿತ್ತ ಅರಸುತ್ತದೆ, ಮುಷ್ಟಿಯನ್ನು ಚೀಪುತ್ತದೆ.

ಇಷ್ಟೆಲ್ಲವನ್ನು ಅಚ್ಚು ಹಾಕಿಸಿ ಬಾಣಂತಿಯ ಕೈಯಲ್ಲಿಟ್ಟರೆ ಕೆಲಸ ಮುಗಿಯಿತೆ? ಶಹಾಪುರದ ಕಡೆಯ ಹಳ್ಳಿಯೊಂದರಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಹೆತ್ತು ಮೂರನೆಯ ರಾತ್ರಿಯಾಗಿದೆಯೆಂದು ಭಾವಿಸಬಹುದು. ಎದೆಗಳು ತುಂಬಿ ಕಲ್ಲಿನಂತಾಗಿವೆ, ತೊಟ್ಟು ಬಿರಿದಿದೆ, ಕೂಸು ಹಿಡಿದ ಹಾಗೆ ಮಾಡಿ ಬಿಟ್ಟು ಅಳುತ್ತದೆ. “ಹಾಲು ಸಾಲವಲ್ದು ಕಾಣಸ್ತದವ್ವಾ, ಆಕಳ ಹಾಲರೆ ಹಾಕು” ಎಂದು ಪಡಸಾಲೆಯಿಂದ ಯಾರೋ ಅನ್ನುತ್ತಾರೆ. ಆ ಹೊತ್ತಿನಲ್ಲಿ ಗೋಡೆಯ ಚಿತ್ರಪಟವು ಮೂಕವಾಗುತ್ತದೆ. ಆಗ ಬೇಕಾದುದು ಒಂದು ಕೈ. ಅನುಭವವುಳ್ಳ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು, ಬೆನ್ನಿಗೆ ದಿಂಬು ಕೊಟ್ಟು, ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಿಗಿದ ಎದೆಯಿಂದ ಸ್ವಲ್ಪ ಹಾಲನ್ನು ಹಿಂಡಿ ಮೆತ್ತಗಾಗಿಸಿ, ಕೂಸು ಬಾಯಿಯನ್ನು ಅಗಲವಾಗಿ ತೆರೆದ ಕ್ಷಣವನ್ನು ಕಾದು, ತೊಟ್ಟಿನ ತುದಿಯಷ್ಟೇ ಅಲ್ಲದೆ ಸುತ್ತಣ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದಳೆಂದರೆ, ಅನೇಕ ವೇಳೆ ನೋವು ಅಲ್ಲಿಯೇ ಅರ್ಧ ಇಳಿಯುತ್ತದೆ. ಕೂಸು ಚೀಪಿದಷ್ಟೂ ಹಾಲು ಹುಟ್ಟುತ್ತದೆ; ಬೇರೆ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಚೀಪುವುದನ್ನು ಕಡಮೆ ಮಾಡುತ್ತದೆ. ಹಾಲು ಸಾಲದೆಂಬ ಹೆದರಿಕೆಯೇ ಹೀಗೆ ಹಾಲನ್ನು ಸಾಲದಂತೆ ಮಾಡಿಬಿಡುತ್ತದೆ.

ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಅಜ್ಜಿಯ ಮಾತು ಕೆಲವೆಡೆ ತಪ್ಪಾಗಿತ್ತು. ಆದರೆ ಅದರ ಹಿಂದೆ ಅವಳ ಕೈ ಇತ್ತು. ನಡುರಾತ್ರಿ ಎದ್ದು ದೀಪ ಹಚ್ಚುವವಳು, ಹೊಲಸು ಬಟ್ಟೆ ಒಗೆಯುವವಳು, ಬಿಸಿ ರೊಟ್ಟಿ ಬಡಿದು ಹಾಕುವವಳು ಅವಳೇ. ಪುಸ್ತಕದ ಮಾತು ಸರಿಯಾಗಿದೆ. ಆದರೆ ಅದಕ್ಕೆ ಕೈಯಿಲ್ಲ. ಸುಧಾರಣೆಯ ಉತ್ಸಾಹದಲ್ಲಿ ಅಜ್ಜಿಯ ಮಾತಿನೊಡನೆ ಅವಳ ಕೈಯನ್ನೂ ತಳ್ಳಿಹಾಕಿದರೆ, ಬಾಣಂತಿಗೆ ಉಳಿಯುವುದು ಸತ್ಯವೂ ಒಂಟಿತನವೂ ಮಾತ್ರ.

ದನಕರುಗಳಿಗೆ ಯಾರು ಪಾಠ ಹೇಳುತ್ತಾರೆ? ಹಾಲೂಡಿಸುವುದು ಪ್ರಕೃತಿಧರ್ಮವಾಗಿರಲು ನೆರವೆಂಬುದು ಏಕೆ? ಎಂದು ಕೆಲವರು ಆಕ್ಷೇಪಿಸಬಹುದು. ಚೀಪುವ ಪ್ರವೃತ್ತಿಯು ಕೂಸಿಗೆ ಹುಟ್ಟಿನಿಂದಲೇ ಬರುತ್ತದೆಂಬುದು ನಿಜ. ಆದರೆ ಎತ್ತಿ ಹಿಡಿಯುವ ಕಲೆಯನ್ನು ಮನುಷ್ಯ ತಾಯಿಯು ನೋಡಿ ಕಲಿಯುತ್ತಾಳೆ. ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರು ಕಣ್ಣೆದುರಿಗೇ ಹಾಲೂಡಿಸುತ್ತಿದ್ದ ತುಂಬಿದ ಮನೆಯಲ್ಲಿ ಬೆಳೆದ ಹುಡುಗಿಗೆ ಈ ವಿದ್ಯೆ ಅರಿವಿಲ್ಲದೆಯೇ ಬರುತ್ತಿತ್ತು. ಗಂಡನೊಡನೆ ಗುಳೆ ಹೋಗಿ, ಬೆಂಗಳೂರಿನ ಕಟ್ಟಡದ ಬದಿಯ ತಗಡಿನ ಗುಡಿಸಲಲ್ಲಿ ಕೂಸನ್ನು ಎತ್ತಿಕೊಂಡು ಕುಳಿತವಳು ಯಾರನ್ನು ನೋಡಿ ಕಲಿಯಬೇಕು?

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದದ್ದು: ತಾಯಿಯ ಕರ್ತವ್ಯವು ತಾಯಿಯದೇ, ಅದಕ್ಕೆ ಸಮಾಜವನ್ನು ಹೊಣೆ ಮಾಡುವುದೇಕೆ? ಇದಕ್ಕೆ ಸಮಾಧಾನವು ತತ್ತ್ವಶಾಸ್ತ್ರದಲ್ಲಿಯೇ ಇದೆ. ‘ಮಾಡಬೇಕು’ ಎಂಬ ವಿಧಿಯು ‘ಮಾಡಬಲ್ಲೆ’ ಎಂಬ ಶಕ್ತಿಯನ್ನು ಗರ್ಭೀಕರಿಸಿಕೊಂಡಿದೆಯೆಂಬುದು ಜರ್ಮನಿಯ ಕಾಂಟನ ವಿಚಾರದ ತಿರುಳು. ಆರು ತಿಂಗಳು ಹಾಲನ್ನಲ್ಲದೆ ಬೇರೇನೂ ಕೊಡಬೇಡವೆಂದು ಹೇಳಿದ ಬಾಯಿಯೇ, ನಲವತ್ತು ದಿನ ಕಳೆಯುತ್ತಲೇ ಹತ್ತಿ ಬಿಡಿಸಲು ಬಾ ಎಂದು ಕರೆದರೆ ಅದು ವಿಧಿಯಲ್ಲ, ವಂಚನೆ. 1961ರ ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಾದ ತಿದ್ದುಪಡಿಯು 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. ಕಚೇರಿಯ ನೌಕರಳಿಗೆ ಅದು ವರವಾಯಿತು, ಹೊಲದ ಕೂಲಿಯವಳನ್ನು ಅದು ಮುಟ್ಟಲಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡದ ಕೆಲಸದಲ್ಲಿ ಶಿಶುಪಾಲನೆಗೆ ಕೋಣೆಯಿರಬೇಕೆಂದು 1996ರ ಕಾಯಿದೆಯು ವಿಧಿಸಿತು. ಚಿಕ್ಕ ಕಟ್ಟಡದಲ್ಲಿ ಇಟ್ಟಿಗೆ ಹೊರುವ ನಾಲ್ವರಿಗೆ ಅದರಿಂದ ದೊರೆತುದೇನು? ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಒಂದು ಹೊತ್ತಿನ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರಲ್ಲಿ ಆರಂಭವಾದಾಗ, ಸರ್ಕಾರವು ಅಷ್ಟರಮಟ್ಟಿಗಾದರೂ ತನ್ನ ಬುದ್ಧಿಮಾತಿನ ಋಣವನ್ನು ತೀರಿಸತೊಡಗಿತೆನ್ನಬೇಕು.

ಬುದ್ಧಿಮಾತೇ ವ್ಯಾಪಾರವಾದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಕಠೋರವಾದ ಸಾಕ್ಷ್ಯವಿದೆ. ಡಬ್ಬಿಯ ಹಾಲನ್ನು ಮಾರುವುದಕ್ಕಾಗಿ ದಾದಿಯ ಉಡುಪಿನ ಹೆಂಗಸರನ್ನು ಬಾಣಂತಿಯರ ಬಳಿಗೆ ಕಳಿಸುತ್ತಿದ್ದ ಕಾಲವೊಂದಿತ್ತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1939ರಲ್ಲಿ ಸಿಂಗಪುರದಲ್ಲಿ ‘ಹಾಲು ಮತ್ತು ಕೊಲೆ’ ಎಂಬರ್ಥದ ಹೆಸರಿನ ಉಪನ್ಯಾಸವನ್ನು ಮಾಡಿ, ಇಂತಹ ಪ್ರಚಾರದಿಂದಾಗುವ ಶಿಶುಮರಣಗಳನ್ನು ಕೊಲೆಯೆಂದೇ ಎಣಿಸಬೇಕೆಂದು ನಿರ್ದಾಕ್ಷಿಣ್ಯವಾಗಿ ನುಡಿದಳು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಮಾರಾಟಕ್ಕೆ ನಿಯಮಾವಳಿಯನ್ನು ರಚಿಸಿತು. 1992ರಲ್ಲಿ ಭಾರತವು ಕಾಯಿದೆಯನ್ನು ಮಾಡಿ ಶಿಶುಗಳ ಡಬ್ಬಿಹಾಲಿನ ಜಾಹಿರಾತನ್ನು ನಿಷೇಧಿಸಿತು. ಹೇಳುವವನ ಲಾಭವು ಕೇಳುವವಳ ನಷ್ಟದಲ್ಲಿದ್ದರೆ ಆ ಮಾತು ಹಿತವಚನವೆನಿಸಲಾರದು.

ಆದರೆ ಹಾಲೂಡಿಸಬೇಕೆಂಬ ಹಠವೂ ಒಂದು ಬಗೆಯ ಕ್ರೌರ್ಯವಾಗಬಲ್ಲದು. ಕೆಲವರಿಗೆ ಎಷ್ಟು ಯತ್ನಿಸಿದರೂ ಹಾಲು ಸಾಲದು. ಕೆಲವರು ಕಠಿಣವಾದ ರೋಗದಲ್ಲೋ ಔಷಧೋಪಚಾರದಲ್ಲೋ ಇರುತ್ತಾರೆ. ಕೆಲವು ಕೂಸುಗಳು ಚೀಪಲಾರದಷ್ಟು ಮುಂಚೆ ಹುಟ್ಟುತ್ತವೆ. ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿಲ್ಲ, ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳಿಲ್ಲವೆಂದರೆ, ಆಗಲೂ ತಾಯಿಗೆ ಧೈರ್ಯವನ್ನಷ್ಟೇ ಹೇಳುವವನು ಹಿತೈಷಿಯಲ್ಲ. ವೈದ್ಯರ ಬಳಿಗೆ ಕರೆದೊಯ್ಯುವವನು ಹಿತೈಷಿ. ಅಂತಹ ತಾಯಿಯನ್ನು ಅರೆತಾಯಿಯೆಂದು ನೋಡುವುದು ಅಧರ್ಮ. ಗೋವಿನ ಹಾಡನ್ನು ಅರಿಯದ ಕನ್ನಡದ ಮನೆ ವಿರಳ. ಅದರಲ್ಲಿ ಪುಣ್ಯಕೋಟಿಯ ಸತ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಕಡೆಯ ಸಲ ಕರುವಿಗೆ ಮೊಲೆಯೂಡಿಸಿದ ಬಳಿಕ ಅವಳು ಅದನ್ನು ಒಡಹುಟ್ಟುಗಳಂತಿದ್ದ ಉಳಿದ ಹಸುಗಳಿಗೆ ಒಪ್ಪಿಸಿದುದನ್ನೂ, ಅವು ಒಪ್ಪಿಕೊಂಡುದನ್ನೂ ಗಮನಿಸುವವರು ಕಡಮೆ. ಆ ಒಪ್ಪಿಗೆಯಿಲ್ಲದೆ ಪುಣ್ಯಕೋಟಿಯ ಧರ್ಮವು ಸಾಗುತ್ತಿರಲಿಲ್ಲ. 1989ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ, ತಾಯಂದಿರು ದಾನ ಮಾಡಿದ ಹಾಲನ್ನು ಕಾಯ್ದಿಡುವ ಏಷ್ಯಾದ ಮೊದಲ ಹಾಲಿನ ಭಂಡಾರವು ಸ್ಥಾಪಿತವಾದುದು ಇದೇ ಧರ್ಮದ ಹೊಸ ರೂಪ.

ಆದುದರಿಂದ ಬಾಣಂತಿಗೆ ಬುದ್ಧಿ ಹೇಳುವವರು ಮೂರು ಋಣಗಳನ್ನು ಹೊತ್ತುಕೊಳ್ಳುತ್ತಾರೆ. ಹೇಳುವುದು ಸತ್ಯವಾಗಿರಬೇಕೆಂಬುದು ಮೊದಲನೆಯದು. ಹೇಳಿ ಹೋದವರು ಮರಳಿ ಬರಬೇಕೆಂಬುದು ಎರಡನೆಯದು. ಹೇಳಿದುದನ್ನು ಮಾಡಲು ಅಡ್ಡಿಯಾಗುವ ಹೊರೆಯಲ್ಲಿ ಪಾಲು ಹೊರಬೇಕೆಂಬುದು ಮೂರನೆಯದು. ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆರು ಸಲ ಹೋಗತಕ್ಕದ್ದೆಂಬ ನಿಯಮವಿದೆ. ಮೊದಲ ಭೇಟಿಯು ಎದೆ ಬಿಗಿದು ಕೂಸು ಅಳುವ ಆ ಮೂರನೆಯ ದಿನಕ್ಕೇ ಬಿದ್ದಿರುವುದು ಈ ನಿಯಮದ ಸೊಗಸು. ಮೊದಲ ಎರಡು ಋಣಗಳನ್ನು ಆ ಹೆಣ್ಣುಮಗಳು ಅಲ್ಪ ಗೌರವಧನಕ್ಕೆ ಬಿಸಿಲಲ್ಲಿ ನಡೆದು ತೀರಿಸುತ್ತಾಳೆ. ಮೂರನೆಯದನ್ನು ಅವಳೊಬ್ಬಳಿಂದ ತೀರಿಸಲಾಗದು. ಕೊಡ ಹೊರುವ ಗಂಡ, ರೊಟ್ಟಿ ಬಡಿಯುವ ಅತ್ತೆ, ಕೂಲಿ ಹಿಡಿಯದೆ ಬಿಡುವು ಕೊಡುವ ಹೊಲದ ಒಡೆಯ, ಇವರ ಪಾಲಿಗೆ ಅದು ಬರುತ್ತದೆ. ಅದನ್ನು ತೀರಿಸಲಾರದವರು ಹೊಸ್ತಿಲಲ್ಲಿ ನಿಂತು ಕೂಸಿನ ಕೆನ್ನೆ ತಟ್ಟಿ, ಸುಮ್ಮನೆ ಹೊರಟುಹೋಗುವುದೇ ಲೇಸು.