ಹೊಸ್ತಿಲೂ ವ್ಯಾಜ್ಯವೂ

ಸಾಲ ಕೊಟ್ಟವನು ಲೋಭಿಯೆಂಬ ಕಾರಣದಿಂದ ಸಾಲವು ತೀರಿಹೋಗುವುದಿಲ್ಲ. ಇದನ್ನು ಲೋಕದಲ್ಲಿ ಯಾರೂ ಅಲ್ಲಗಳೆಯರು. ಆದರೆ ಹಕ್ಕೊಂದನ್ನು ನ್ಯಾಯಸ್ಥಾನದಲ್ಲಿ ಕೇಳುವವನು ಹಣದಾಸೆಯಿಂದ ಕೇಳುತ್ತಿರುವನೆಂದು ತೋರಿದೊಡನೆ, ಆ ಹಕ್ಕೇ ಹುಸಿಯೆಂಬಂತೆ ಜನರು ಮಾತನಾಡತೊಡಗುತ್ತಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂಗವಿಕಲರ ಪ್ರವೇಶದ ವಿಷಯವಾಗಿ ಮೂರು ದಶಕಗಳಿಂದ ನಡೆದುಬಂದಿರುವ ವ್ಯಾಜ್ಯಗಳಲ್ಲಿ ಈ ವಿಪರ್ಯಾಸವು ಸ್ಪಷ್ಟವಾಗಿ ಕಾಣುತ್ತದೆ.

1990ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಅಂಗವಿಕಲರು ಹಲವರು ವಾಷಿಂಗ್ಟನ್ ನಗರದಲ್ಲಿ ನೆರೆದು, ತಮ್ಮ ಗಾಲಿಕುರ್ಚಿಗಳನ್ನೂ ಊರುಗೋಲುಗಳನ್ನೂ ಕೆಳಗೇ ಬಿಟ್ಟು, ಶಾಸನಸಭಾಭವನದ ಕಲ್ಲುಮೆಟ್ಟಿಲುಗಳನ್ನು ತೆವಳುತ್ತ ಏರಿದರು. ಅದೇ ವರ್ಷ ಜುಲೈ 26ರಂದು ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರು ಕಾಯಿದೆಗೆ ಸಹಿ ಹಾಕಿದರು. ಅದರ ಮೂರನೆಯ ಭಾಗವು ಅಂಗಡಿ, ಹೋಟೆಲು, ನಾಟಕಶಾಲೆ, ವೈದ್ಯಶಾಲೆ ಮೊದಲಾದ, ಸಾರ್ವಜನಿಕರೊಡನೆ ವ್ಯವಹರಿಸುವ ಖಾಸಗಿ ಸ್ಥಳಗಳಿಗೆ ಸಂಬಂಧಿಸಿದ್ದು. ಹೊಸ ಕಟ್ಟಡವಾದರೆ ಮೊದಲಿನಿಂದಲೇ ಎಲ್ಲರೂ ಒಳಬರುವಂತಿರತಕ್ಕದ್ದು. ಹಳೆಯದಾದರೆ, ಹೆಚ್ಚಿನ ಕಷ್ಟವೂ ವೆಚ್ಚವೂ ಇಲ್ಲದೆ ನೀಗಬಹುದಾದ ಅಡ್ಡಿಗಳನ್ನು ನೀಗತಕ್ಕದ್ದು. ಬಾಗಿಲಿನ ತೆರಪು 32 ಅಂಗುಲಕ್ಕೆ ಕಡಮೆಯಾಗಬಾರದು. ಒಂದು ಅಡಿ ಏರಬೇಕಾದರೆ ಇಳಿಜಾರು 12 ಅಡಿಯಾದರೂ ಉದ್ದವಿರಬೇಕು. ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯ ಕೆಳಅಂಚು ನೆಲದಿಂದ 40 ಅಂಗುಲಕ್ಕೆ ಮೇಲಿರಬಾರದು.

ಈ ಕನ್ನಡಿಯ ಅಂಗುಲವನ್ನೇ ಹಿಡಿದು ಹಾಸ್ಯ ಮಾಡುವವರುಂಟು. ಎರಡಂಗುಲ ಮೇಲಾದರೆ ಆಕಾಶ ಕಳಚಿಬೀಳುವುದೆ ಎಂದು ವರ್ತಕನು ಕೇಳುತ್ತಾನೆ. ನಿಂತು ನೋಡುವವನಿಗೆ ಬೀಳುವುದಿಲ್ಲ, ನಿಜ. ಕುಳಿತೇ ಬಾಳುವವನಿಗೆ ಮುಖ ಕಾಣುವುದೂ ಕಾಣದಿರುವುದೂ ಅಂಥ ಎರಡಂಗುಲಗಳಲ್ಲಿಯೇ ಇದೆ.

ವ್ಯಾಜ್ಯದ ಬೇರು ಬೇರೊಂದು ಕಡೆಯಿದೆ. ಅಂಗಡಿಯಿಂದ ಅಂಗಡಿಗೆ ತಿರುಗಿ ಅಳೆದು ನೋಡುವ ಅಧಿಕಾರಿಗಳ ಪಡೆಯನ್ನು ಈ ಕಾಯಿದೆಯು ನೇಮಿಸಲಿಲ್ಲ. ಅಟಾರ್ನಿ ಜನರಲ್ ಅವರು ದಾವೆ ಹೂಡಬಹುದಾದರೂ, ಕಾಯಿದೆಯನ್ನು ನಡೆಸುವ ಭಾರದ ಬಹುಭಾಗವು ಅಡ್ಡಿಯನ್ನು ಅನುಭವಿಸಿದವನ ಹೆಗಲ ಮೇಲೆಯೇ ಬಿದ್ದಿತು. ಕಾಫಿ ಕುಡಿಯಲು ಹೋದವನು ಅಳತೆಪಟ್ಟಿ ಹಿಡಿದು ಅಮೀನನಾಗಿ ಹಿಂದಿರುಗಬೇಕು! ಗೆದ್ದರೂ ಅವನಿಗೆ ಕೇಂದ್ರದ ಕಾಯಿದೆಯು ಪರಿಹಾರದ್ರವ್ಯವನ್ನು ಕೊಡಿಸುವುದಿಲ್ಲ. ಅಡ್ಡಿಯನ್ನು ತೆಗೆಯೆಂಬ ಆಜ್ಞೆಯೂ ವಕೀಲರ ಫೀಜೂ ಮಾತ್ರ ದೊರೆಯುತ್ತವೆ. ಕ್ಯಾಲಿಫೋರ್ನಿಯಾ ಸಂಸ್ಥಾನದ ಕಾನೂನಾದರೋ ಪ್ರತಿಯೊಂದು ಅಪರಾಧಕ್ಕೂ ಸಾಮಾನ್ಯವಾಗಿ 4,000 ಡಾಲರುಗಳಿಗೆ ಕಡಮೆಯಿಲ್ಲದ ಪರಿಹಾರವನ್ನು ವಿಧಿಸುತ್ತದೆ. ಅಲ್ಲಿಂದ ಒಂದು ವೃತ್ತಿಯೇ ಹುಟ್ಟಿತು: ಒಬ್ಬನೇ ಫಿರ್ಯಾದಿ, ಒಬ್ಬನೇ ವಕೀಲ, ಪ್ರತಿವಾದಿಯ ಹೆಸರು ಮಾತ್ರ ಬದಲಾಗುವ ಒಂದೇ ಅರ್ಜಿ, ಸಾಲುಸಾಲಾಗಿ ಅಂಗಡಿಗಳು.

ಅಂಗಡಿಯವನ ದುಃಖವೂ ಹುಸಿಯಲ್ಲ. ಹಳೆಯ ಮಳಿಗೆಯನ್ನು ಬಾಡಿಗೆಗೆ ಹಿಡಿದು ಹೆಂಡತಿಮಕ್ಕಳೊಡನೆ ದುಡಿಯುವ ಬಡ ವರ್ತಕನು, ಮೆಟ್ಟಿಲನ್ನು ಕಟ್ಟಿದವನು ತಾನಲ್ಲವೆಂದು ಮೊರೆಯಿಡುತ್ತಾನೆ. ಕಾಯಿದೆಯು ಮಳಿಗೆಯ ಒಡೆಯನನ್ನೂ ಬಾಡಿಗೆದಾರನನ್ನೂ ಒಟ್ಟಿಗೆ ಹಿಡಿಯುತ್ತದೆ. ಹೋರಾಡುವ ಖರ್ಚು ರಾಜಿಯ ಖರ್ಚಿಗಿಂತ ಹೆಚ್ಚೆಂದು ವಕೀಲನು ತಿಳಿಸುತ್ತಾನೆ; ಇವನು ಹಣ ತೆತ್ತು ಕೈತೊಳೆದುಕೊಳ್ಳುತ್ತಾನೆ. ಎಷ್ಟೋ ವೇಳೆ ಮೆಟ್ಟಿಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಇಡೀ ವ್ಯವಹಾರದಲ್ಲಿ ಹೇಯವಾದುದು ಇದೇ, ಫಿರ್ಯಾದಿಯ ಲೋಭವಲ್ಲ. ತೆತ್ತವನೂ ಪಡೆದವನೂ ಕೂಡಿ, ಆ ಮೆಟ್ಟಿಲ ಕೆಳಗೆ ನಾಳೆ ಬಂದು ನಿಲ್ಲುವ ಮೂರನೆಯವನ ಹಕ್ಕನ್ನು ಮಾರಿದಂತಾಯಿತು. ಅವನನ್ನು ಇಬ್ಬರೂ ಕೇಳಲಿಲ್ಲ.

ಮೊದಲು ಲಿಖಿತ ಸೂಚನೆ ಕೊಟ್ಟು, ಸರಿಪಡಿಸಲು ಕಾಲಾವಕಾಶವಿತ್ತು, ಆಮೇಲೆಯೇ ದಾವೆಗೆ ಹೋಗಬೇಕೆಂಬ ಮಸೂದೆಯೊಂದು 2018ರ ಫೆಬ್ರವರಿ 15ರಂದು ಅಲ್ಲಿನ ಪ್ರತಿನಿಧಿಸಭೆಯಲ್ಲಿ 192ಕ್ಕೆ ಎದುರಾಗಿ 225 ಮತಗಳಿಂದ ಅಂಗೀಕೃತವಾಯಿತು. ಸೆನೆಟ್ ಸಭೆಯಲ್ಲಿ ಅದು ಮುಂದುವರಿಯಲಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ನ್ಯಾಯವಾದ ಏರ್ಪಾಡಿಲ್ಲವೆನಿಸುತ್ತದೆ. ಆದರೆ ಕಾಯಿದೆ ಹುಟ್ಟಿ ಆಗಲೇ 27 ವರ್ಷ ಕಳೆದಿದ್ದುವು. ಇಷ್ಟು ನೌಕರರಿಗೆ ಮೀರದ ಸಣ್ಣ ವರ್ತಕನು ಇಂಥ ದುರಸ್ತಿಗೆ ಮಾಡಿದ ವೆಚ್ಚದಲ್ಲಿ ಅರ್ಧದಷ್ಟನ್ನು, ವರ್ಷಕ್ಕೆ 5,000 ಡಾಲರುಗಳ ಮಿತಿಯೊಳಗೆ, ವರಮಾನ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಕರ್ಯವೂ 1990ರಿಂದಲೇ ಉಂಟು. ಮಾರುವ ತೂಕದ ಕಲ್ಲು ಸರಿಯಿಲ್ಲವೆಂದು ಗಿರಾಕಿಯು ಬಂದು ಹೇಳುವವರೆಗೂ ಕಾಯುವ ಸ್ವಾತಂತ್ರ್ಯವನ್ನು ಯಾವ ವರ್ತಕನೂ ಬೇಡಲಾರನು. ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಬೇಡುತ್ತಾನೆ. ಒಳಬರಲಾರದವನನ್ನು ಅವನು ಇನ್ನೂ ಗಿರಾಕಿಯೆಂದು ಎಣಿಸಿಲ್ಲ.

ಹೋಗುವ ಇಚ್ಛೆಯೇ ಇಲ್ಲದವರು ದಾವೆ ಹೂಡಬಹುದೆ ಎಂಬ ಪ್ರಶ್ನೆಯು ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಫ್ಲೋರಿಡಾದ ಮಹಿಳೆಯೊಬ್ಬರು ಮೇಯ್ನ್ ಸಂಸ್ಥಾನದ ವಸತಿಗೃಹವೊಂದರ ಮೇಲೆ, ಅದರ ಅಂತರಜಾಲದ ಪುಟದಲ್ಲಿ ಅಂಗವಿಕಲರಿಗೆ ತಕ್ಕ ಕೊಠಡಿಯುಂಟೋ ಇಲ್ಲವೋ ತಿಳಿಯದೆಂದು ದೂರಿದ್ದರು. ಅಲ್ಲಿ ತಂಗುವ ಸಂಕಲ್ಪ ಅವರಿಗಿರಲಿಲ್ಲ. ಇಂಥ ದಾವೆಗಳನ್ನು ಆರುನೂರಕ್ಕೂ ಮಿಕ್ಕಿ ಹೂಡಿದ್ದರು. ಕೊನೆಗೆ ಅವರೇ ದಾವೆಯನ್ನು ಹಿಂತೆಗೆದುಕೊಂಡುದರಿಂದ, 2023ರ ಡಿಸೆಂಬರ್ 5ರಂದು ನ್ಯಾಯಾಲಯವು ಪ್ರಶ್ನೆಗೆ ಉತ್ತರ ಕೊಡದೆಯೇ ಮೊಕದ್ದಮೆಯನ್ನು ಮುಗಿಸಿತು. ಆ ವೇಳೆಗಾಗಲೇ ವಸತಿಗೃಹದ ಪುಟದಲ್ಲಿ ಹೊಸ ಮಾತೊಂದು ಸೇರಿತ್ತು: ಕಾಯಿದೆಗೆ ಒಪ್ಪುವ ಕೊಠಡಿ ಇಲ್ಲಿ ಇಲ್ಲವೆಂದು. ಅದನ್ನು ಓದಿದ ಗಾಲಿಕುರ್ಚಿಯ ಪ್ರಯಾಣಿಕನು, ಕತ್ತಲಾದ ಮೇಲೆ ಅಲ್ಲಿಯವರೆಗೂ ಬಂದು ಬಾಗಿಲಿನಿಂದ ಹಿಂದಿರುಗುವುದಾದರೂ ತಪ್ಪಿತು.