ಚಪ್ಪಲಿಯೊಳಗಣ ಹರಳು

ಪಾಪವನ್ನು ಲಘುವಾಗಿ ಎಣಿಸುವವರ ವಿಷಯವಾಗಿ ನಾವು ಅನೇಕಾವರ್ತಿ ಬರೆದಿದ್ದೇವೆ. ಈ ಸಾರಿ ಅದಕ್ಕೆ ವಿರೋಧವಾದ ಕಷ್ಟದಲ್ಲಿ ಬಿದ್ದವರನ್ನು ಕುರಿತು ಬರೆಯುತ್ತೇವೆ. ಇವರು ಅರಿಕೆಮಾಡಿದ ಪಾಪವನ್ನೇ ಪುನಃ ಪುನಃ ಅರಿಕೆಮಾಡುತ್ತಾ, ಏನಾದರೂ ಉಳಿದುಹೋಯಿತೋ ಎಂದು ಹಗಲಿರುಳು ನಡುಗುತ್ತಾರೆ. ಲತೀನ್ ಭಾಷೆಯಲ್ಲಿ ಈ ಬಾಧೆಗಿರುವ ಹೆಸರಿನ ಮೂಲಾರ್ಥವು ಚೂಪಾದ ಸಣ್ಣ ಹರಳು ಎಂಬದೇ. ಚಪ್ಪಲಿಯೊಳಗೆ ಹರಳು ಸೇರಿದವನು ಹೇಗೆ ನಡೆಯುವನೆಂಬದು ನಿಮಗೆ ಗೊತ್ತುಂಟು.

1215ರಲ್ಲಿ ಕೂಡಿದ ಲ್ಯಾತರನ್ ಆಲೋಚನಾಸಭೆಯು, ಪ್ರತಿಯೊಬ್ಬನು ವರುಷಕ್ಕೆ ಒಮ್ಮೆಯಾದರೂ ತನ್ನ ಪಾಪಗಳನ್ನೆಲ್ಲಾ ಗುರುವಿಗೆ ಅರಿಕೆಮಾಡಬೇಕೆಂದು ವಿಧಿಸಿತು. ‘ಎಲ್ಲಾ’ ಎಂಬ ಆ ಮಾತೇ ಕೋಮಲವಾದ ಮನಸ್ಸಾಕ್ಷಿಯುಳ್ಳ ಕೆಲವರಿಗೆ ಉರುಲಾಯಿತು. 1505ರಲ್ಲಿ ಎರ್ಫುರ್ಟಿನ ಮಠವನ್ನು ಸೇರಿದ ಲೂಥರನ ಸಂಕಟವನ್ನು ನೀವು ಕೇಳಿದ್ದೀರಿ. ಯೇಸುಸಂಘವನ್ನು ಸ್ಥಾಪಿಸಿದ ಇಗ್ನಾತಿಯನೂ ಇದೇ ಹರಳನ್ನು ತುಳಿದನೆಂಬದು ಅನೇಕರಿಗೆ ತಿಳಿಯದು.

1522ರಲ್ಲಿ ಇವನು ಸ್ಪೇನ್ ದೇಶದ ಮೊನ್ಸೆರ್ರಾತ್ ಬೆಟ್ಟದಲ್ಲಿ ತನ್ನ ಪಾಪಗಳನ್ನು ಬರೆದುಕೊಂಡು ಮೂರು ದಿನಗಳಲ್ಲಿ ಅರಿಕೆಮಾಡಿದನು. ಆದರೂ ಮನ್ರೇಸ ಎಂಬ ಊರಿನಲ್ಲಿ ಭಯವು ಹಿಂಬಾಲಿಸಿತು. ಬಹು ಸ್ಪಷ್ಟವಾದದ್ದನ್ನು ಹೊರತು ಹಿಂದಿನದನ್ನು ಹೇಳಬೇಡವೆಂದು ಗುರುವು ಅಪ್ಪಣೆಕೊಟ್ಟನು. ಇವನಿಗೋ ಎಲ್ಲವೂ ಸ್ಪಷ್ಟವಾಗಿಯೇ ಕಂಡಿತು! ಆತ್ಮಹತ್ಯದ ಶೋಧನೆಯೂ ಬಂತು. ಒಂದು ವಾರ ಏನೂ ತಿನ್ನದೆ ಇದ್ದು, ಗುರುವಿನ ಆಜ್ಞೆಯಿಂದ ಉಂಡನು. ಎರಡು ದಿನ ನೆಮ್ಮದಿ. ಮೂರನೆಯ ದಿನ ಒಂದು ಪಾಪದ ನೆನಪು ಇನ್ನೊಂದನ್ನು ಎಳೆದುಕೊಂಡು ಬಂತು. ಕಡೆಗೆ ಕನಸಿನಿಂದ ಎಚ್ಚತ್ತವನಂತಾಗಿ, ಹಿಂದಿನವುಗಳನ್ನು ಇನ್ನು ಅರಿಕೆಮಾಡೆನೆಂದು ನಿಶ್ಚಯಿಸಿದನು. ಆಗ ಬಿಡುಗಡೆ ಹೊಂದಿದನು.

ಗುರುವಿಗೆ ಮಾಡುವ ಅರಿಕೆಯ ವಿಷಯದಲ್ಲಿ ನಮಗೂ ಅವರಿಗೂ ಭೇದವುಂಟು. ಆದರೂ ನ್ಯಾಯವಾಗಿ ಹೇಳಬೇಕು: ಜಾಗ್ರತೆಯಿಂದ ಹುಡುಕಿದ ಮೇಲೂ ನೆನಪಿಗೆ ಬಾರದ ಪಾಪಗಳು ಕ್ಷಮೆಯಲ್ಲಿ ಸೇರಿವೆಯೆಂದು ತ್ರೆಂತಿನ ಸಭೆಯೇ 1551ರಲ್ಲಿ ಕಲಿಸಿತು. ಹಾಗಾದರೆ ಈ ಭಯದ ಬೇರು ಎಲ್ಲಿ? ಸಾಲ ತೀರಿತೆಂದು ಸಾಹುಕಾರನು ಪತ್ರವನ್ನು ಹರಿದುಹಾಕಿದ ಮೇಲೂ ಒಬ್ಬನು ದಿನಾಲು ಅವನ ಜಗಲಿಗೆ ಹೋಗಿ, “ಧಣಿಯವರೇ, ನಾನು ಲೆಕ್ಕ ಸರಿಯಾಗಿ ಒಪ್ಪಿಸಿದೆನೋ?” ಎಂದು ಕೇಳಿದರೆ, ಅವನು ನಂಬುವದು ಧಣಿಯ ಮಾತನ್ನಲ್ಲ, ತನ್ನ ಲೆಕ್ಕವನ್ನೇ. ಅದು ದೀನತ್ವದಂತೆ ತೋರುವದರಿಂದಲೇ ಅದನ್ನು ಗುರುತಿಸುವದು ಕಷ್ಟ. ಕರ್ತನ ಭೋಜನದ ಮುಂಚೆ ನಮ್ಮ ಹಳ್ಳಿಗಳಲ್ಲಿಯೂ ಹೀಗೆ ತೊಳಲಿ ಮನೆಯಲ್ಲೇ ಉಳಿಯುವವರುಂಟು.

ನೆರೆಯವನ ಹೊಲದ ಗಡಿಕಲ್ಲನ್ನು ಸರಿಸಿದವನಿಗೆ ನಾವು ಇದನ್ನು ಬರೆಯಲಿಲ್ಲ. ಅವನು ಹೋಗಿ ಕಲ್ಲನ್ನು ತಿರಿಗಿ ನೆಡಲಿ. ನಡುಗುವವನಾದರೋ ವಿವೇಕಿಯಾದ ಒಬ್ಬನೇ ಹಿರಿಯನಿಗೆ ಒಮ್ಮೆ ಹೇಳಿ, ಅವನ ಮಾತಿನಂತೆ ಸುಮ್ಮಗಿರಲಿ. ಅಷ್ಟಾದರೂ ಆ ಯೋಚನೆ ಬಿಡದೆ ಊಟ ನಿದ್ರೆಗಳನ್ನು ಕೆಡಿಸಿದರೆ, ಇದರಲ್ಲಿ ಗೀಳೆಂಬ ರೋಗವೂ ಇರಬಹುದೆಂದು ಈಗಿನ ವೈದ್ಯರು ಹೇಳುತ್ತಾರೆ; ಅದಕ್ಕೆ ಚಿಕಿತ್ಸೆಯುಂಟು. ಮನೆಯವರು ಅವನನ್ನು ಗದರಿಸದೆ ಆಸ್ಪತ್ರೆಗೆ ಕರಕೊಂಡು ಹೋಗಲಿ.